ಪಾಲಿನ ಕಾಯಿ

2006ನೇ ಇಸವಿ ನವೆಂಬರ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ನರಸಿಂಹರಾಜಪುರ ಠಾಣೆಗೆ ಬಂದ ಸೋಮಶೇಖರಪ್ಪನವರು ಕುರ್ಚಿ ತೋರಿಸಿದರೂ ಕೂರಲಿಲ್ಲ. ಸೀತೂರಿನ ಗುರಿಕಾರರ ಸಂಘಕ್ಕೆ ಬಹಳ ವರ್ಷಗಳಿಂದ ಅವರೇ ಅಧ್ಯಕ್ಷರು. ಅಧ್ಯಕ್ಷಗಿರಿಯಷ್ಟೇ ಹಳೆಯದಾದ ಅವರ ಹುರಿಮೀಸೆ ಆ ದಿನ ಜೋತುಬಿದ್ದಿತ್ತು.

"ಕೋವಿ ತೋಟಾ ಡಬ್ಬಿ ಒಂದು ಶನಿವಾರದಿಂದ ಕಾಣ್ತಿಲ್ಲ ಸಾರ್. ಇಪ್ಪತ್ತೈದು ತೋಟಾ."

ಸಬ್ ಇನ್ಸ್‌ಪೆಕ್ಟರ್ ಪುರುಷೋತ್ತಮ ಚಹಾ ಲೋಟ ಕೆಳಗಿಟ್ಟ. ತೋಟಾ ಇಟ್ಟುಕೊಳ್ಳಲು ಸಂಘಕ್ಕೆ ಅನುಮತಿ ಕೊಡಬಹುದೆಂದು ಮೇಲಿನವರಿಗೆ ಶಿಫಾರಸು ಬರೆದವನು ಅವನೇ.

ಸೀತೂರಿನವರು ಪ್ರಾಣಿ ಹೊಡೆಯುವ ಜನ ಅಲ್ಲ, ಕಾಯಿ ಹೊಡೆಯುವ ಜನ. ವರ್ಷಕ್ಕೊಮ್ಮೆ ಗದ್ದೆ ಬಯಲಿನಲ್ಲಿ ಸುಲಿದ ತೆಂಗಿನಕಾಯಿ ನೇತುಹಾಕಿ, ದೂರದಿಂದ ಗುಂಡು ಹಾರಿಸಿ, ಯಾರ ಕೈ ಎಷ್ಟು ಗಟ್ಟಿ ಎಂದು ನೋಡಿಕೊಳ್ಳುತ್ತಾರೆ. ಆ ವರ್ಷ ಕೋವಿಗಳಿದ್ದವು, ತೋಟಾ ಇರಲಿಲ್ಲ. ಕೆರೆಕಟ್ಟೆ ಕಡೆಯ ಕಾಡಿನಲ್ಲಿ ಬಂದೂಕು ಹಿಡಿದವರ ಓಡಾಟ ಜಾಸ್ತಿಯಾಗಿ ಸರ್ಕಾರ ಬಿಗಿ ಮಾಡಿತ್ತು. ಅಂಗಡಿಗಳಿಗೆ ಸ್ಟಾಕು ಬರುತ್ತಿರಲಿಲ್ಲ. ಖಾಲಿ ತೋಟಾಕ್ಕೆ ಮದ್ದು ತುಂಬಿಸಿಕೊಳ್ಳೋಣವೆಂದರೆ ಮದ್ದೂ ಇಲ್ಲ, ಕಿಡಿ ಹೊತ್ತಿಸುವ ಕೇಪೂ ಇಲ್ಲ. ಸೋಮಶೇಖರಪ್ಪನವರು ಕಂಡಕಂಡವರ ಕಾಲು ಹಿಡಿದು ಸಂಘದ ಹೆಸರಿಗೆ ನಾಲ್ಕೇ ಡಬ್ಬಿ ತಂದಿದ್ದರು. ಅದರಲ್ಲೊಂದು ಈಗ ಕಾಡು ಸೇರಿದ್ದರೆ, ಆ ಗುಂಡು ನಾಳೆ ಯಾರ ಎದೆಗೋ ಎಂದು ನೆನೆದು ಪುರುಷೋತ್ತಮನಿಗೆ ನಿಜಕ್ಕೂ ಭಯವಾಯಿತು.

ಹತ್ತು ಗಂಟೆಗೆ ಎಫ್‌ಐಆರ್ ಆಯಿತು. ಹನ್ನೊಂದೂವರೆಗೆ ಪುರುಷೋತ್ತಮ, ಹೆಡ್ ಕಾನ್‌ಸ್ಟೆಬಲ್ ತಿಮ್ಮಣ್ಣನನ್ನೂ ಸೋಮಶೇಖರಪ್ಪನವರನ್ನೂ ಜೀಪಿಗೆ ಹತ್ತಿಸಿಕೊಂಡು ಸೀತೂರಿನಲ್ಲಿ ಇಳಿದ.

ಸಂಘದ ಕೋಣೆ ಇದ್ದದ್ದು ಬಸವಮ್ಮನ ಹಿಟ್ಟಿನ ಗಿರಣಿಯ ಹಿಂಭಾಗದಲ್ಲಿ. ಕಬ್ಬಿಣದ ಬೀರುವಿನ ಬೀಗ ಒಡೆದಿರಲಿಲ್ಲ.

"ಕೀಲಿ ಎಲ್ಲಿಡ್ತೀರಿ?"

ಅಧ್ಯಕ್ಷರು ದನಿ ತಗ್ಗಿಸಿ, "ಆ ಕ್ಯಾಲೆಂಡರ್ ಹಿಂದೆ ಸಾರ್. ಗುಟ್ಟಿನ ಜಾಗ" ಎಂದರು.

ಹೊರಗೆ ರಾಗಿ ಬೀಸಿಸಲು ನಿಂತಿದ್ದ ಹೆಂಗಸರನ್ನು ತಿಮ್ಮಣ್ಣ ವಿಚಾರಿಸಿದ. ಕೀಲಿ ಕ್ಯಾಲೆಂಡರ್ ಹಿಂದಿರುವುದು ಅವರೆಲ್ಲರಿಗೂ ಗೊತ್ತಿತ್ತು. ಒಬ್ಬಾಕೆಗಂತೂ ಯಾವ ತಿಂಗಳಿನ ಹಾಳೆ ಎನ್ನುವುದೂ ಗೊತ್ತಿತ್ತು.

ಸ್ಥಳ ಪಂಚನಾಮೆ ಮುಗಿಯುವಷ್ಟರಲ್ಲಿ ಎಲ್ಲರ ಬಾಯಲ್ಲೂ ಒಂದೇ ಹೆಸರು ಬಂತು. ಸ್ಪರ್ಧೆಗೆ ಕಾಯಿ ಕಟ್ಟುವ ಕೂಲಿ ಸೋಮನಾಥ. ಅವನ ಊರು ಕೆರೆಕಟ್ಟೆ. ಅದಕ್ಕಿಂತ ದೊಡ್ಡ ಪುರಾವೆ ಯಾರ ಹತ್ತಿರವೂ ಇರಲಿಲ್ಲ.

ಅವನನ್ನು ಠಾಣೆಗೆ ಕರೆತಂದು ಪುರುಷೋತ್ತಮ ಕೇಳಿದ, "ಶನಿವಾರ ಎಲ್ಲಿದ್ದೆ?"

"ಗದ್ದೆಲಿ ಕಂಬ ನೆಡ್ತಾ ಇದ್ದೆ ಸಾರ್."

"ಬೀರು ಮುಟ್ಟಿದ್ಯಾ?"

"ನಾನು ಮುಟ್ಟೋದು ಹಗ್ಗ, ಕಾಯಿ ಎರಡೇ ಸಾರ್. ಕೆರೆಕಟ್ಟೇಲಿ ಹುಟ್ಟಿದ್ದು ತಪ್ಪಾದ್ರೆ ಅದೊಂದು ತಪ್ಪು ಮಾಡಿದೀನಿ."

ಸಂಜೆ ಕೊಪ್ಪದಿಂದ ಫೋನ್ ಬಂತು. ವಿಷಯ ಕೇಳಿದ ಮೇಲಧಿಕಾರಿ, "ಕೆರೆಕಟ್ಟೆಯವನಾ? ನಾಳೆ ಸಂಜೆಯೊಳಗೆ ಇಲ್ಲಿಗೆ ಕಳಿಸಿ. ಕಾಡಿನ ಕೇಸು ನೋಡೋರು ವಿಚಾರಿಸ್ತಾರೆ" ಎಂದು ಇಟ್ಟುಬಿಟ್ಟರು. ಅಲ್ಲಿಗೆ ಹೋದ ಸೋಮನಾಥ ವಾಪಸು ಬರುವಾಗ ಹೇಗಿರುತ್ತಾನೆಂಬುದು ಪುರುಷೋತ್ತಮನಿಗೆ ತಿಳಿಯದ್ದೇನಲ್ಲ. ತನ್ನ ಠಾಣೆಯಿಂದ ಪುರಾವೆ ಇಲ್ಲದೆ ಒಬ್ಬನನ್ನೂ ಸಾಗಹಾಕಿದವನಲ್ಲ ಎಂಬ ಹೆಮ್ಮೆ ಅವನಿಗಿತ್ತು. ಆ ಹೆಮ್ಮೆಗೆ ಉಳಿದದ್ದು ಒಂದು ಹಗಲು.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಮತ್ತೆ ಸೀತೂರಿಗೆ ಹೋದರು. ಖಾಲಿ ಹೊಟ್ಟೆಯಲ್ಲಿ ತನಿಖೆ ಮಾಡುವುದಿಲ್ಲ ಎನ್ನುವುದು ತಿಮ್ಮಣ್ಣನ ಕಾನೂನು. ಶೇಷಮ್ಮನ ಹೋಟೆಲಿನಲ್ಲಿ ಇಡ್ಲಿ ಬಂತು. ಎರಡನೇ ತುತ್ತಿಗೇ ತಿಮ್ಮಣ್ಣ ಕೆನ್ನೆ ಹಿಡಿದುಕೊಂಡ.

"ಎಂತ ಶೇಷಮ್ಮ, ಚಟ್ನಿಗೆ ಕಲ್ಲು ಹಾಕಿ ರುಬ್ತೀಯಾ?"

ಬಾಯಿಂದ ತೆಗೆದು ತಟ್ಟೆಯ ಅಂಚಿಗಿಟ್ಟಾಗ ಅದು ಟಣ್ ಎಂದಿತು. ಪುರುಷೋತ್ತಮ ಎತ್ತಿ ನೋಡಿದ. ಕಲ್ಲಲ್ಲ. ಸೀಸದ ಚರೆ, ತೋಟಾದೊಳಗೆ ತುಂಬುವ ಸಣ್ಣ ಗುಂಡು.

"ಈ ಕಾಯಿ ಎಲ್ಲಿಂದ ಬಂತಮ್ಮ?"

"ಅಂಗಡಿ ಕಾಯಲ್ಲ ಸಾರ್, ಪಾಲಿನ ಕಾಯಿ. ಹೊಡೆದೋರು ಮನೆ ಮನೆಗೆ ಹೋಳು ಹಂಚೋದು ನಮ್ಮಲ್ಲಿ ಪದ್ಧತಿ. ನಾನು ಆರಿಸೇ ಹಾಕ್ತೀನಿ ಮಾರಾಯ್ರೆ, ಹೆಂಗೋ ಒಂದು ತಪ್ಪಿಹೋಗಿದೆ."

"ಸ್ಪರ್ಧೆ ಇನ್ನೂ ಆಗೇ ಇಲ್ಲವಲ್ಲ. ಹೊಡೆದೋರು ಯಾರು?"

ಶೇಷಮ್ಮ ಸೌಟನ್ನು ಚಟ್ನಿ ಪಾತ್ರೆಗೆ ಇಟ್ಟಳು. ಆ ಪ್ರಶ್ನೆ ಊರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಪಾಲು ಬಂದರೆ ತೆಗೆದುಕೊಳ್ಳುವುದು, ತಿನ್ನುವುದು, ಅಷ್ಟೇ.

"ಭಾನುವಾರ ಗಿರಣಿ ಬಸವಮ್ಮ ಕೊಟ್ಟುಹೋದ್ಲು" ಎಂದಳು ಮೆಲ್ಲಗೆ.

ಪುರುಷೋತ್ತಮ ಹೋಟೆಲಿನಿಂದಲೇ ಶಿವಮೊಗ್ಗದ ಕೋವಿ ಅಂಗಡಿಗೆ ಫೋನ್ ಮಾಡಿದ. ಸೀತೂರಿನ ಹೆಂಗಸೊಬ್ಬರು ಲೈಸೆನ್ಸ್ ಹಿಡಿದುಕೊಂಡು ಮೂರು ಸಲ ಬಂದಿದ್ದರು, ಮೂರು ಸಲವೂ ಬರಿಗೈಲಿ ಕಳಿಸಿದೆ ಎಂದ ಅಂಗಡಿಯವನು. ಕೊನೆಯ ಸಲ ಖಾಲಿ ತೋಟಾಗಳ ಚೀಲವನ್ನೇ ತಂದು, ಇದಕ್ಕಾದರೂ ತುಂಬಿಸಿಕೊಡಿ ಎಂದು ಕೇಳಿದ್ದರಂತೆ. ಪುರುಷೋತ್ತಮ ಇನ್ನೊಂದು ಫೋನ್ ಮಾಡಿ ಠಾಣೆಯ ಮಹಿಳಾ ಪೇದೆ ಸುಮಿತ್ರಮ್ಮನನ್ನು ಕರೆಸಿಕೊಂಡ.

ಆಕೆಯೂ ಅಧ್ಯಕ್ಷರೂ ಬಂದ ಮೇಲೆ ಎಲ್ಲರೂ ಗಿರಣಿಗೆ ಹೋದಾಗ ಮೋಟಾರು ಓಡುತ್ತಿತ್ತು. ಆ ಸದ್ದಿಗೆ ಹಿತ್ತಲಲ್ಲಿ ಕೋವಿ ಹಾರಿದರೂ ಮುಂದಿನವರಿಗೆ ಕೇಳಿಸದು. ಕೇಳಿಸಿದರೂ ಮಂಗ ಓಡಿಸುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಬಸವಮ್ಮ ಐವತ್ತರ ಹತ್ತಿರದ ಗಟ್ಟಿ ಹೆಂಗಸು, ಹುಬ್ಬಿನ ತನಕ ಹಿಟ್ಟು. ಪುರುಷೋತ್ತಮ ಅಂಗೈ ಬಿಚ್ಚಿ ಚರೆ ತೋರಿಸಿದ.

"ಇದು ಗೊತ್ತಾ?"

"ಚರೆ."

"ನಿಮ್ಮ ಪಾಲಿನ ಕಾಯಲ್ಲಿ ಸಿಕ್ತು. ತೋಟಾ ಎಲ್ಲಿಂದ ಬಂತು?"

"ಹಳೇದು ಇತ್ತು."

"ಹಳೇದಿದ್ರೆ ಶಿವಮೊಗ್ಗಕ್ಕೆ ಮೂರು ಸಲ ಯಾಕೆ ಹೋದ್ರಿ?"

ಬಸವಮ್ಮ ಗಿರಣಿಗೆ ಇನ್ನೊಂದು ಮೊರ ರಾಗಿ ಸುರಿದಳು. ಪುರುಷೋತ್ತಮ ದನಿ ಏರಿಸಲಿಲ್ಲ. "ಸೋಮನಾಥ ಠಾಣೇಲಿದಾನೆ. ಕಾಡಿನವರಿಗೆ ತೋಟಾ ಕೊಟ್ಟ ಅನ್ನೋ ಅನುಮಾನ. ಸಂಜೆ ಕೊಪ್ಪಕ್ಕೆ ಕಳಿಸ್ಬೇಕು" ಎಂದ.

ಆಕೆ ಕೈ ಚಾಚಿ ಮೋಟಾರು ನಿಲ್ಲಿಸಿದಳು. "ಅವನ್ನ ಯಾಕೆ ಹಿಡಿದ್ರಿ? ಕದ್ದಿದ್ದು ನಾನು. ಶನಿವಾರ ಮಧ್ಯಾಹ್ನ, ಇವ್ರೆಲ್ಲ ಊಟಕ್ಕೆ ಹೋದಾಗ. ಲೆಕ್ಕ ತಪ್ಪಿರಬೇಕು ಅಂದ್ಕೊಂಡು ಸುಮ್ನಾಗ್ತಾರೆ ಅಂತಿದ್ದೆ. ಒಬ್ಬನ ತಲೆಗೆ ಕಟ್ತಾರೆ ಅಂತ ಗೊತ್ತಿರಲಿಲ್ಲ ಸಾರ್."

"ಕದ್ದ ಮೇಲೆ ಊರಿಗೆಲ್ಲ ಹಂಚಿದ್ಯಾಕೆ?" ತಿಮ್ಮಣ್ಣನಿಗೆ ತಡೆಯಲಾಗಲಿಲ್ಲ. ಕೆನ್ನೆ ಇನ್ನೂ ನೋಯುತ್ತಿತ್ತು.

"ಹೊಡೆದ ಕಾಯಿ ಒಬ್ಬಳೇ ತಿನ್ನೋಕಾಗತ್ತಾ?" ಬಸವಮ್ಮನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

ಪುರುಷೋತ್ತಮ ಕಾರಣ ಕೇಳಿದ. ಆಕೆ ಅಧ್ಯಕ್ಷರತ್ತ ನೋಡಿ ಹೇಳಿದಳು. "ಈ ವರ್ಷ ನನ್ನ ಹೆಸರೂ ಬರ್ಕೊಳಿ ಅಂದೆ. ತೋಟಾ ಇರೋದೇ ಕಡಿಮೆ, ಗಂಡಸರಿಗೇ ಸಾಲಲ್ಲ, ನೀನು ರೊಟ್ಟಿ ಹಿಟ್ಟು ಬೀಸು ಅಂದ್ರು. ಎಲ್ರೂ ನಕ್ರು. ನನಗೆ ಕೋವಿ ಹಿಡಿಯೋಕೆ ಕಲಿಸಿದ್ದು ನಮ್ಮಪ್ಪ. ಎಂಟು ತಿಂಗಳಿಂದ ಒಂದು ಗುಂಡು ಹಾರಿಸಿಲ್ಲ. ಕೈ ಮರ್ತುಹೋಯ್ತಾ ಅಂತ ನೋಡ್ಬೇಕಿತ್ತು."



ಉಳಿದ ತೋಟಾ ಅಟ್ಟದ ಮೇಲಿದ್ದವು. ಜಪ್ತಿ ಪಂಚನಾಮೆಗೆ ಊರಿನ ಇಬ್ಬರನ್ನು ಕರೆಯಲಾಯಿತು. ಇಬ್ಬರೂ ಸಂಘದ ಗುರಿಕಾರರು, ಒಬ್ಬ ಹೋದ ವರ್ಷ ಗೆದ್ದವನು. ಒಂದು ತೋಟಾವಾದರೂ ಹೊರಗೆ ಹೋಗಿದೆಯೇ ಎನ್ನುವುದು ಪುರುಷೋತ್ತಮನಿಗೆ ಖಾತ್ರಿಯಾಗಬೇಕಿತ್ತು. ಡಬ್ಬಿಯಲ್ಲಿ ಹನ್ನೊಂದು ತುಂಬಿದ ತೋಟಾ. ಪಕ್ಕದಲ್ಲಿ ಅದೇ ಡಬ್ಬಿಯ ಗುರುತಿನ ಹದಿನಾಲ್ಕು ಖಾಲಿ. ಇಪ್ಪತ್ತೈದಕ್ಕೆ ಸರಿಹೋಯಿತು. ಒಂದೂ ಕಾಡು ಸೇರಿರಲಿಲ್ಲ.

"ಇಲ್ಲಿ ಗರಟೆಗಳೂ ಇವೆ ಸಾರ್" ಎಂದಳು ಸುಮಿತ್ರಮ್ಮ.

ಮೂಟೆ ಬಿಚ್ಚಿದರು. ಒಡೆದ ಕಾಯಿಗಳ ಕಣ್ಣಿನ ಕಡೆಯ ಹೋಳುಗಳು, ಹೋಳಿನ ತುಂಬ ಚರೆಯ ಗುರುತು. ಒಂದು ಕಾಯಿಗೆ ಕಣ್ಣಿನ ಹೋಳು ಒಂದೇ. ಎಣಿಸುವ ಕೆಲಸ ಪಂಚರದ್ದು. ಅವರು ಒಮ್ಮೆ ಎಣಿಸಿ, ಮುಖ ಮುಖ ನೋಡಿಕೊಂಡು, ಮತ್ತೊಮ್ಮೆ ಎಣಿಸಿದರು.

ಸುಮಿತ್ರಮ್ಮನ ಸಮಕ್ಷಮದಲ್ಲಿ ಬಸವಮ್ಮನ ದಸ್ತಗಿರಿಯಾಯಿತು. ಪುರುಷೋತ್ತಮ ಕೊಪ್ಪಕ್ಕೆ ಫೋನ್ ಮಾಡಿ, ಆರೋಪಿ ಸಿಕ್ಕಿದ್ದಾರೆ, ತೋಟಾ ಪೂರ್ತಿ ಸಿಕ್ಕಿದೆ, ಸೋಮನಾಥನನ್ನು ಮನೆಗೆ ಕಳಿಸುತ್ತಿದ್ದೇನೆ ಎಂದು ಹೇಳಿದ. ಹೇಳುವಾಗ ಅವನ ಎದೆ ಉಬ್ಬಿತ್ತು.

ಕಳವು ಕಳವೇ. ಕೇಸು ನಡೆಯುತ್ತದೆ, ಬಸವಮ್ಮನ ಲೈಸೆನ್ಸೂ ಹೋಗಬಹುದು. ಅದನ್ನು ಆಕೆಗೆ ಹೇಳಿದ ಮೇಲೆ, ಸಹಿಗೆ ಮುಂಚೆ ಪಂಚನಾಮೆಯನ್ನು ಗಟ್ಟಿಯಾಗಿ ಓದಿದ. ಅಷ್ಟರಲ್ಲಿ ಗಿರಣಿಯ ಮುಂದೆ ಊರು ಸೇರಿತ್ತು.

"ಹಾರಿಸಿದ ಖಾಲಿ ತೋಟಾ ಹದಿನಾಲ್ಕು. ಚರೆ ತಗುಲಿ ಒಡೆದ ತೆಂಗಿನಕಾಯಿ ಹದಿನಾಲ್ಕು."

ಹೋದ ವರ್ಷ ಗೆದ್ದವನು ಪೆನ್ನು ತೆಗೆದುಕೊಂಡು ಅದರ ಕೆಳಗೆ ಸಹಿ ಮಾಡಿದ. ಬಸವಮ್ಮ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡು ನೆಟ್ಟಗೆ ನಿಂತಳು.

"ಇನ್ನೊಂದ್ಸಲ ಓದ್ತೀರಾ ಸಾರ್?"

ಹಾಗೆ ಓದಬೇಕೆಂದು ಯಾವ ಕಾನೂನಿನಲ್ಲೂ ಇಲ್ಲ. ಪುರುಷೋತ್ತಮ ಎದ್ದು ನಿಂತು, ಹಿಂದೆ ನಿಂತವರಿಗೂ ಕೇಳಿಸುವ ಹಾಗೆ ಓದಿದ.