ದಿಬ್ಬದಲ್ಲಿ ಕಳುವಾದ ಬಲ

ಇಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸುವ ಹೊಸ ಇಂಟರ್‌ಕೂಲರ್ ಹಾಕಿಸಿಕೊಂಡ ಲಾರಿ ಅದೇ ವಾರ ದಿಬ್ಬದ ನಡುವೆ ಕಪ್ಪು ಹೊಗೆ ಉಗುಳಿ ನಿಂತುಬಿಟ್ಟಿತು. ಹಳೆಯದರಲ್ಲಿ ಆರಾಮಾಗಿ ಹತ್ತುತ್ತಿದ್ದ ದಿಬ್ಬ! ಮಾಲೀಕ ಲಾರಿ ಸ್ಟ್ಯಾಂಡಿನಲ್ಲಿ ಎಲ್ಲರೆದುರು ಕೂಗಿದ—"ನನ್ನ ಭಾವ ಕಳ್ಳ! ಹಳೇದಕ್ಕೇ ಬಣ್ಣ ಬಳಿದು ಕೂರಿಸಿದಾರೆ!"

ಭಾವ ಎಂದರೆ ಅವನ ಅಕ್ಕನ ಗಂಡ, ಮೆಕ್ಯಾನಿಕ್. ಮಾತು ಹಬ್ಬಲು ಎಷ್ಟು ಹೊತ್ತು? ಮರುದಿನದಿಂದ ಗ್ಯಾರೇಜಿಗೆ ಒಂದು ಗಾಡಿಯೂ ಬರಲಿಲ್ಲ. ಅಕ್ಕ ಕೈಕಟ್ಟಿ ಕೂರದೆ ನನ್ನ ಹೆಂಡತಿಯನ್ನು ಕರೆಸಿದಳು.

ನನ್ನ ಹೆಂಡತಿ ಅಪಘಾತದ ಗಾಡಿಗಳನ್ನು ಪರೀಕ್ಷಿಸುವ ಸರ್ವೇಯರ್. ನಾನು ಅವಳ ಸ್ಕೂಟರಿನ ಸಾರಥಿ. ಇಂಜಿನ್ ವಿಷಯದಲ್ಲಿ ನನಗೆ ಅ ಆ ಇ ಈಯೂ ಬಾರದು.

ಗ್ಯಾರೇಜಿನಲ್ಲಿ ಮಾಲೀಕ, ಅವನ ಡ್ರೈವರ್, ಭಾವ—ಮೂವರ ಮುಖವೂ ಸುಟ್ಟ ಬದನೆಕಾಯಿ.

"ಗಾಳಿ ಎಲ್ಲಾದರೂ ಸೋರ್ತಿದೆಯಾ?" ಎಂದಳು ನನ್ನ ಹೆಂಡತಿ.

"ಇಲ್ಲಮ್ಮ," ಎಂದ ಭಾವ. "ಪೈಪು, ಕ್ಲಿಪ್ಪು, ಫಿಲ್ಟರು, ಎಲ್ಲಾ ನೋಡಿದೀನಿ. ಲೋಡ್ ಸಮೇತ ಅದೇ ದಿಬ್ಬ ಹತ್ತಿಸಿದೆ. ಸಲೀಸಾಗಿ ಹತ್ತಿತು!"

"ಇವರು ಓಡಿಸಿದ್ರೆ ಹತ್ತತ್ತೆ, ನಾವು ಓಡಿಸಿದ್ರೆ ಇಲ್ಲ!" ಮಾಲೀಕ ಗುರುಗುಟ್ಟಿದ. "ಯಾರ ಕಿವಿಗೆ ಹೂವಿಡ್ತಾರೆ?"

ಅವಳು ಲಾರಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಜಾಲರಿಯೊಳಗೆ ಟಾರ್ಚ್ ಬಿಟ್ಟಳು.

"ಇಂಟರ್‌ಕೂಲರ್ ಮೇಲೆ ಹುಳ ಅಂಟಿದೆ."

"ಹೆದ್ದಾರಿ ಗಾಡಿ. ಅಂಟದೆ ಇರತ್ತಾ?" ಮಾಲೀಕ ನಕ್ಕ.

"ಎರಡೂ ತುದಿಯಲ್ಲಿ ಮೆತ್ಕೊಂಡಿದೆ. ನಡುವೆ ಒಂದೂ ಇಲ್ಲ—ಯಾಕೆ?"

ಅವಳು ಡ್ರೈವರ್ ಕಡೆ ತಿರುಗಿದಳು. "ಇಲ್ಲಿಗೆ ಬರೋ ಮುಂಚೆ ಮುಂದ್ಗಡೆಯಿಂದ ಏನು ಬಿಚ್ಚಿದ್ರಿ, ಅಣ್ಣ?"

"ಬೋರ್ಡು, ಮೇಡಂ. ಗ್ಯಾರೇಜಿನ ಎಣ್ಣೆ ಕೈ ತಾಗಬಾರದು ಅಂತ ಯಜಮಾನರ ಅಪ್ಪಣೆ. ಪ್ರತಿ ಸಲ ಬಿಚ್ಚಿ ಸೀಟಿನ ಹಿಂದೆ ಇಡ್ತೀನಿ. ವಾಪಸ್ ಹೋಗ್ತಾ ಹಾಕ್ತೀನಿ."

"ಬೋರ್ಡಾ? ಯಾವ ಬೋರ್ಡು?" ಭಾವ ಬೆಚ್ಚಿದ.

ಡ್ರೈವರ್ ಹೊರತೆಗೆದ. ದೊಡ್ಡ ತಗಡು, ಅದರ ತುಂಬ ಬಂಗಾರದ ಬಣ್ಣದಲ್ಲಿ ಮಾಲೀಕನ ಹೆಸರು.

"ಹೊಸ ಇಂಟರ್‌ಕೂಲರ್ ಬಂದ ಖುಷಿಗೆ ಮಾಡಿಸಿದ್ದು," ಮಾಲೀಕನ ದನಿ ಇಳಿಯಿತು.

"ಅದರ ಮುಖಕ್ಕೇ ಅಡ್ಡ ಹಾಕಿದೀರಲ್ಲ, ಅದಕ್ಕೇ ನಡುವೆ ಹುಳ ಇಲ್ಲ!" ಎಂದಳು ನನ್ನ ಹೆಂಡತಿ. "ಟರ್ಬೊ ಪಂಪು ಗಾಳೀನ ಒತ್ತಿದಾಗ ಅದು ಬಿಸಿಯಾಗತ್ತೆ. ಎದುರುಗಾಳಿ ತಾಗಿದ್ರೆ ತಾನೆ ಇಂಟರ್‌ಕೂಲರ್ ಅದನ್ನ ತಣ್ಣಗೆ ಮಾಡೋದು? ಬಿಸಿ ಗಾಳಿ ಹಿಗ್ಗಿರತ್ತೆ, ಇಂಜಿನ್ನಿಗೆ ಸಾಲಲ್ಲ. ಡೀಸೆಲ್ ಅರ್ಧಂಬರ್ಧ ಉರಿದು ಕಪ್ಪು ಹೊಗೆ. ಬೋರ್ಡು ಬಿಚ್ಚಿಟ್ಟು ಬಂದಿದ್ರಿಂದ ನಿಮ್ಮ ಭಾವ ಓಡಿಸಿದಾಗ ಹತ್ತಿತು. ಬಲ ಕದ್ದವನ ಹೆಸರು ತಗಡಿನ ಮೇಲೇ ಇದೆ, ಓದ್ಕೊಳಿ."

ಮಾಲೀಕ ಓದಲಿಲ್ಲ. "ತಪ್ಪಾಯ್ತು ಭಾವ," ಎಂದ, ಅರ್ಧ ದನಿಯಲ್ಲಿ.

ಭಾವ ಬಟ್ಟೆಚೂರಿನಲ್ಲಿ ಕೈ ಒರೆಸುತ್ತಲೇ ಇದ್ದ. "ಕಳ್ಳ ಅಂದಿದ್ದು ಇಲ್ಲಲ್ಲ ಕಣೋ."

ನನಗೆ ಮಾಲೀಕನ ಮೇಲೂ ಕನಿಕರ ಹುಟ್ಟಿತು. ಅವನು ಲಾರಿ ಸ್ಟ್ಯಾಂಡಿನತ್ತ ಹೊರಟ. ಹಿಂದೆಯೇ ನಾವು. ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಅವನತ್ತ ತಿರುಗಿದರು. ಅವನು ಅವರ ನಡುವೆ ನಿಂತು ದನಿ ಎತ್ತಿದ.

"ಎಲ್ಲರೂ ಕೇಳ್ರಪ್ಪಾ. ತಪ್ಪು ನನ್ನದು. ನಮ್ಮ ಭಾವನ ಕೈ ಶುದ್ಧ."