ನೀಲಿ ಹತ್ತಿದ ಗೂಡುಗಳು

“‘ಅಕ್ಕಾವ್ರೆ, ನಿಮ್ಮ ನಾದಿನಿ ಮೂರನೆಯ ಕಾಗದಕ್ಕೇ ಸೋತಳು. ನಾನು ಹೇಳಿರಲಿಲ್ಲವೇ?’ ಇದು ನಿಮ್ಮ ಬರಹ ತಾನೇ?”

ಸುವರ್ಣಮ್ಮನ ದನಿ ನಡುಗಲಿಲ್ಲ. ಕಾಗದವನ್ನು ಅವನ ಮುಖದೆದುರಿಗೇ ಹಿಡಿದಳು.

ಮಾಂಬಳ್ಳಿಯ ಆ ಮನೆಗೆ ರೇಷ್ಮೆಗೂಡು ಕೊಳ್ಳಲು ಕೊಳ್ಳೇಗಾಲದಿಂದ ಬರುತ್ತಿದ್ದ ಶಿವರುದ್ರಸ್ವಾಮಿ ಎತ್ತಿದ್ದ ಬಿದಿರಿನ ಮಂಕರಿಯನ್ನು ಕೆಳಗಿಟ್ಟ. ನಾಲ್ಕು ತಿಂಗಳು ಇಬ್ಬರ ಕಾಗದಗಳೂ ಗೂಡಿನ ಮಂಕರಿಗಳ ತಳದಲ್ಲೇ ಓಡಾಡಿದ್ದವು.

“ಎಲ್ಲಿ ಸಿಕ್ತು?”

“ಅತ್ತಿಗೆ ಪೆಟ್ಟಿಗೇಲಿ. ಸೀರೆ ತಗಿಯಕ್ಕೋಗಿದ್ದೆ... ನನ್ನ ಧಾರೆ ಸೀರೆ!”

ಅತ್ತಿಗೆ ಶಿವರತ್ನಮ್ಮನ ಗಾಯ ಹಳೆಯದು. ಅಗರದ ಪುಟ್ಟಬಸಪ್ಪ ಮದುವೆ ಗೊತ್ತುಮಾಡುವ ವೀಳ್ಯಶಾಸ್ತ್ರ ಮುಗಿದ ಮೇಲೆ ಅವಳನ್ನು ಒಲ್ಲೆನೆಂದಿದ್ದ. ಈಗ ಅದೇ ಪುಟ್ಟಬಸಪ್ಪನಿಗೆ ಸುವರ್ಣಮ್ಮ ನಿಶ್ಚಯವಾಗಿದ್ದಳು. ಧಾರೆಯ ದಿನ ಹುಡುಗಿಯ ಪ್ರೇಮಪತ್ರಗಳನ್ನು ಚಪ್ಪರದಲ್ಲಿ ಓದಿಸಿ ಅವನ ತಲೆ ತಗ್ಗಿಸಬೇಕೆಂಬ ಅತ್ತಿಗೆಯ ಹೂಟವೂ ಆ ಕಾಗದದಲ್ಲೇ ಇತ್ತು. ನಾದಿನಿಯ ಮಾನ ಹೋದರೆ ಹೋಗಲಿ! ಬರೆದು ಒಲಿಸಬಲ್ಲೆನೆಂಬ ಜಂಭಕ್ಕೆ ಶಿವರುದ್ರಸ್ವಾಮಿ ಒಪ್ಪಿದ್ದ.

“ಮೊದ್ಲು ಆಟ ಅಂದ್ಕಂಡಿದ್ದೆ. ಆಮೇಲೆ...”

“ನನ್ನ ಹನ್ನೊಂದು ಕಾಗದ ಎಲ್ಲಿ ಅವೆ?”

“ನನ್ ತಾವೇ ಅವೆ. ನಿಮ್ಮತ್ತಿಗೇರು ಕೇಳ್ತಾವ್ರೆ...”

“ಕೊಟ್ಬುಡಿ! ಗೆದ್ರಲ್ಲ!”

ಒಳಗೆ ಬಂದು ಬಾಗಿಲಿಗೆ ಒರಗಿದಳು. ‘ನಿಮ್ಮ ಗಾಡಿಯ ಗೆಜ್ಜೆ ಕೇಳಿದರೆ ಹುಳಕ್ಕೆ ಸೊಪ್ಪು ಹಾಕುವುದೂ ಮರೆಯುತ್ತೇನೆ’ ಎಂದು ಬರೆದಿದ್ದಳು. ಅವನದು ಸುಳ್ಳು. ನನ್ನದು ನಿಜವಾಗಿತ್ತಲ್ಲ...

ಮೂರನೆಯ ದಿನ ಗಾಡಿಯ ಮಾದಣ್ಣ ಒಂದು ಮಂಕರಿ ಇಳಿಸಿದ.

“ಸಾಮ್ಯೋರು ನಿಮ್ ಕೈಗೇ ಕೊಡು ಅಂದ್ರು ಕಣವ್ವಾ. ಕಾಗದ ಇಲ್ವಾ ಅಂದ್ರೆ, ಬ್ಯಾಡ ಓಗು ಅಂದ್ರು.”

ಒಳಗಿದ್ದುದು ಆವಿಯಲ್ಲಿ ಬೆಂದ ಗೂಡುಗಳು. ಆವಿ ಕೊಡದಿದ್ದರೆ ಚಿಟ್ಟೆ ಗೂಡು ಕೊರೆದು ಹೊರಬಂದು ನೂಲು ಹಾಳು. ಆದರೆ ಇವುಗಳ ಮೇಲೆಲ್ಲ ಮಸಿಯ ನೀಲಿ! ತಳದಲ್ಲಿ ಕಾಗದದ ಮುದ್ದೆಗಳು. ಒಂದೊಂದಾಗಿ ತೆಗೆದಳು. ಹನ್ನೊಂದು. ಗೂಡಿನೊಡನೆ ಅವನ್ನೂ ಆವಿಗೆ ಹಾಕಿದ್ದ; ಒಂದಕ್ಷರವೂ ಉಳಿದಿರಲಿಲ್ಲ.

“ಏನೇ ಅದು ನೀಲಿ?” ಶಿವರತ್ನಮ್ಮ ಹಿಂದೆ ಬಂದು ನಿಂತಿದ್ದಳು.

“ಚಪ್ಪರದಲ್ಲಿ ಓದ್ಸಿ ಅತ್ತಿಗೆ. ಓದೋರು ಸಿಕ್ರೆ!”

ಅತ್ತಿಗೆ ಒಂದು ಮುದ್ದೆ ಬಿಡಿಸಿ ನೋಡಿದಳು. “ನನ್ನ ಬ್ಯಾಡ ಅಂದಾಗ ಯಾರೂ ಅವನ್ನ ಯಾಕೆ ಅಂತ ಕೇಳ್ಲಿಲ್ಲ ಕಣೆ” ಎಂದು ಒಳಗೆ ಹೋದಳು.

ಸುವರ್ಣಮ್ಮನಿಗೆ ಗೆದ್ದೆನೆನಿಸಲಿಲ್ಲ. ಅಂದೇ ಪುಟ್ಟಬಸಪ್ಪನಿಗೆ ತಾನೇ ಬರೆದಳು: ‘ನನ್ನ ಮನಸ್ಸು ನಿಮ್ಮಲ್ಲಿಲ್ಲ. ಈ ಮದುವೆ ಬೇಡ.’ ಮದುವೆ ನಿಂತಿತು; ಅಪ್ಪ ಒಂದು ತಿಂಗಳು ಅವಳೊಡನೆ ಮಾತಾಡಲಿಲ್ಲ.

ಮುಂದಿನ ಬೆಳೆಗೆ ಗಾಡಿಯ ಗೆಜ್ಜೆ ಮತ್ತೆ ಕೇಳಿಸಿತು. ಶಿವರುದ್ರಸ್ವಾಮಿ ತಾನೇ ಬಂದಿದ್ದ.

“ಒಂದು ಮಂಕರಿ ಗೂಡು ಹಾಳ್ಮಾಡ್ಕಂಡ್ರಿ,” ಎಂದಳು ಸುವರ್ಣಮ್ಮ.

“ಊಂ.”

“ನಿಮ್ಮನ್ನ ಇನ್ನೂ ನಂಬಿಲ್ಲ.”

“ಗೊತ್ತು.”

“ಇನ್ಮುಂದೆ ಕಾಗದ ಬರೀಬ್ಯಾಡಿ. ಹೇಳೋದಿದ್ರೆ ಎದುರ್ಗೇ ಹೇಳಿ.”

ಅವನು ಬಾಯಿ ತೆರೆದ. “ನಾ... ನಾನು... ನಿಮ್ಮನ್ನ...” ಕಿವಿಯವರೆಗೆ ಕೆಂಪಾದ.

“ಕಾಗದದಲ್ಲಿ ಎಷ್ಟ್ ಸಲೀಸಾಗಿ ಬರೀತಿದ್ರಿ!”

“ಅದು ಸುಳ್ಳಾಗಿತ್ತು... ಅದ್ಕೇ ಸಲೀಸು.”

ಸುವರ್ಣಮ್ಮ ಮೊದಲ ಬಾರಿ ಅವನ ಕಣ್ಣನ್ನೇ ನೋಡಿದಳು.

“ನಿಧಾನಕ್ಕೇ ಹೇಳಿ. ಕಾಯ್ತೀನಿ.”