ಹಿತ್ತಿಲಲ್ಲಿ ಹಗುರಾದ ಯಂತ್ರ

ನಂಬುವುದು ಬಿಡುವುದು ನಿಮಗೆ ಸೇರಿದ್ದು; ಇದು ನಡೆದದ್ದು ಮಟಮಟ ಮಧ್ಯಾಹ್ನ.

ಜನ ಕೆರೆಯಲ್ಲಿ ಕಳೆದುಕೊಂಡ ಒಡವೆಗಳನ್ನು ಮುಳುಗಿ ಹುಡುಕಿಕೊಡುವುದು ನನ್ನ ಗಂಡನ ಕಸುಬಾಗಿತ್ತು. ನೀರಿನಡಿ ಲೋಹ ಪತ್ತೆಮಾಡುವ ಯಂತ್ರವೊಂದು ಅವರ ಬಳಿ ಇತ್ತು. ಹೋದ ವರ್ಷ ಆ ಯಂತ್ರವಷ್ಟೇ ಮೇಲೆ ಬಂತು, ಅವರು ಬರಲಿಲ್ಲ.

ಹೋದ ವಾರ ಬಟ್ಟೆ ಒಣಹಾಕುವಾಗ, ಅವರು ತೊಡಿಸಿದ್ದ ಉಂಗುರ ಹಿತ್ತಿಲಲ್ಲೆಲ್ಲೋ ಜಾರಿಹೋಯಿತು.

"ಜಾರಿತೋ, ನೀನೇ ಬಿಸಾಕಿದ್ಯೋ?" ಎಂದರು ಅತ್ತೆ.

ಮಾತು ಎದೆಗೆ ನಾಟಿತು. ಅಟ್ಟದಿಂದ ಯಂತ್ರ ಇಳಿಸಿದೆ. ನೀರಿನಲ್ಲಿ ಹೂವಿನಷ್ಟು ಹಗುರವಂತೆ, ನೆಲದ ಮೇಲೆ ಹೆಣಭಾರ. ಹತ್ತು ಹೆಜ್ಜೆಗೆ ತೋಳು ಸೋತುಹೋಯಿತು. ಬಟ್ಟೆಯ ತಂತಿಯ ಕೆಳಗೆ ಬಂದಾಗ ಇದ್ದಕ್ಕಿದ್ದಂತೆ ಭಾರವೇ ಇಲ್ಲವಾಯಿತು. ಯಂತ್ರ ನನ್ನ ಕೈಯಲ್ಲಿ ತೇಲತೊಡಗಿತು. ಕಿವಿಗೆ ಹಾಕಿಕೊಂಡಿದ್ದ ಅದರ ಹೆಡ್‌ಫೋನಿನಲ್ಲಿ ಬೀಪ್ ಸದ್ದಿನ ಹಿಂದೆ ಗುಳ್ಳೆಗಳೇಳುವ ಸದ್ದು, ಯಾರೋ ಸಾವಧಾನವಾಗಿ ಉಸಿರು ಬಿಟ್ಟಂತೆ. ಕೆದಕಿದರೆ ಉಂಗುರ ಸಿಕ್ಕಿತು. ಮಣ್ಣು ಬಿಸಿಲಿಗೆ ಸುಡುತ್ತಿತ್ತು; ಉಂಗುರ ಮಂಜಿನಂತೆ ತಣ್ಣಗಿತ್ತು.

"ಸಿಕ್ತೇನೇ? ತೋರ್ಸು," ಎಂದು ಅತ್ತೆ ಕುಂಟುತ್ತಾ ಬಂದು ಅಲ್ಲೇ ನಿಂತರು. ಉಂಗುರದ ಕಡೆ ನೋಡಲೇ ಇಲ್ಲ. "ಅಯ್ಯೋ, ಇಲ್ಲಿ ಮಂಡಿನೋವೇ ಇಲ್ವಲ್ಲೇ!"

ಅಂದಿನಿಂದ ದಿನವೂ ಅಲ್ಲಿಗೆ ಹೋಗಿ ನಿಲ್ಲುತ್ತಾರೆ. ಬೇಡವೆಂದು ಅಂಗಲಾಚಿದರೆ, "ನಿನ್ನದು ನಿನಗೆ ಸಿಕ್ತಲ್ಲ. ನನ್ನದನ್ನ ನಾನು ಹುಡುಕ್ಕೋತೀನಿ ಬಿಡು," ಎನ್ನುತ್ತಾರೆ.

ನಿನ್ನೆ ಊಟಕ್ಕೆ ಕರೆಯಲು ಹೋದೆ. ತಂತಿಯ ಮೇಲಿನ ಬಟ್ಟೆಗಳು ಅಲುಗುತ್ತಿರಲಿಲ್ಲ. ಅತ್ತೆಯ ಬಿಚ್ಚಿದ ನರೆಗೂದಲು ಮಾತ್ರ ನೀರೊಳಗಿದ್ದಂತೆ ಮೇಲಕ್ಕೆದ್ದು ನಿಧಾನವಾಗಿ ತೂಗುತ್ತಿತ್ತು.